ಏಳಬೇಕೆನಿಸದ ಬೆಳಗುಗಳು

ಬ್ರಷ್ಷಿಗೆ ಪೇಸ್ಟ್ ಹಾಕಿಕೊಂಡು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದೆ. ಬಿಸಿಲು ಬಚ್ಚಲ ಗೋಡೆಯಿಂದ ಇಳಿದು ನನ್ನ ಪಾದದ ತನಕ ಬಂದಿತ್ತು. ಪೇಸ್ಟ್ ಒಣಗಿ ಬಿರುಕು ಬಿಟ್ಟಿತ್ತು. ಕೈ ಎತ್ತಿ ಬಾಯಿಗೆ ಇಟ್ಟುಕೊಳ್ಳಬೇಕು, ಅಷ್ಟೇ ಕೆಲಸ. ಅದು ನನಗೆ ಗೊತ್ತಿತ್ತು. ಕೈಗೆ ನೋವಿರಲಿಲ್ಲ, ಜೋಮು ಹಿಡಿದಿರಲಿಲ್ಲ. ಆದರೂ ಕೈ ಏಳಲಿಲ್ಲ.

ಸಗಣಿ ಬುಟ್ಟಿ ಹೊತ್ತು ಮೂರನೆಯ ಸಲ ನನ್ನ ಮುಂದೆ ಹಾದುಹೋಗುತ್ತಿದ್ದ ಅತ್ತಿಗೆ ನಿಂತಳು.

"ನಾನು ಹಾಲು ಕರೆಯೋಕೆ ಹೋದಾಗ ಕೂತವಳು ಕಣೇ ನೀನು. ಡೈರಿಗೆ ಹಾಲು ಹಾಕ್ಬಂದೆ, ರೊಟ್ಟಿ ತಟ್ಟಿದೆ, ಕೊಟ್ಟಿಗೆ ಗುಡಿಸ್ದೆ. ಇನ್ನೂ ಹಂಗೇ ಕೂತಿದ್ದೀಯಲ್ಲ! ನಿನ್ನ ಹಲ್ಲುಜ್ಜೋಕೂ ಆಳಿಡ್ಬೇಕಾ?"

ಅವಳ ಮೇಲೆ ಸಿಟ್ಟೂ ಬರಲಿಲ್ಲ. ಸಿಟ್ಟು ಬರುವುದಕ್ಕೂ ಒಳಗೆ ಏನಾದರೂ ಅಲ್ಲಾಡಬೇಕು. ಅವಳು ಹೋದ ಮೇಲೂ ಅಲ್ಲೇ ಕುಳಿತಿದ್ದೆ. ಕೊನೆಗೆ ಅವ್ವ ಬಂದು ಬ್ರಷ್ಷನ್ನು ಕೈಯಿಂದ ಬಿಡಿಸಿಕೊಂಡು, ತಾನೇ ನನ್ನ ಬಾಯಿ ತೊಳೆಸಿ, ಮಾತ್ರೆ ನುಂಗಿಸಿ ಒಳಗೆ ಕರೆದುಕೊಂಡು ಹೋದಳು. ಆಗ ನನಗೆ ಮೂವತ್ತೆರಡು ವರ್ಷ.

ನಮ್ಮೂರು ತುರುವೇಕೆರೆಯಿಂದ ದಬ್ಬೇಘಟ್ಟಕ್ಕೆ ಹೋಗುವ ಬಸ್ಸಿನ ದಾರಿಯಲ್ಲಿದೆ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಮನೆಯಲ್ಲಿ ಅವ್ವ, ಅಣ್ಣ, ಅತ್ತಿಗೆ, ಅವರ ಮಗಳು, ಮತ್ತೆ ನಾನು. ತೋಟ ಇದೆ, ಎರಡು ಹಸು ಇವೆ. ಮೊದಲು ನಾನು ಹೀಗಿರಲಿಲ್ಲ. ಇದನ್ನು ಯಾರಿಗಾದರೂ ಹೇಳಿದರೆ ಸುಮ್ಮನೆ ತಲೆ ಆಡಿಸುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ. ಹತ್ತನೆಯ ತರಗತಿ ಮುಗಿಸಿದ ಮೇಲೆ ಅವ್ವನ ಜೊತೆ ಕೊಬ್ಬರಿ ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದೆ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಕಾಯಿ ಕೊಬ್ಬರಿಯಾಗಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಅಲ್ಲಾಡಿಸಿದರೆ ಒಳಗೆ ಉರುಳುವ ಸದ್ದು ಕೇಳುತ್ತದೆ. ಗಂಡಸರು ಸಿಪ್ಪೆ ಸುಲಿದು ರಾಶಿ ಹಾಕುತ್ತಾರೆ. ಆಮೇಲೆ ಹೆಂಗಸರು ಸಾಲಾಗಿ ಕುಳಿತು, ಎಡಗೈಯಲ್ಲಿ ಕಾಯಿ ತಿರುಗಿಸುತ್ತಾ ಮಚ್ಚಿನಿಂದ ಚಿಪ್ಪನ್ನು ಮಾತ್ರ ಒಡೆದು, ಒಳಗಿನ ಉಂಡೆಗೆ ಗಾಯವಾಗದಂತೆ ತೆಗೆಯಬೇಕು. ಏಟು ಒಂದು ಚೂರು ಜೋರಾದರೂ ಕೊಬ್ಬರಿ ಸೀಳುತ್ತದೆ. ನನ್ನ ಕೈಯಲ್ಲಿ ಸೀಳುತ್ತಿರಲಿಲ್ಲ. ಗುಂಪಿನ ಹೆಂಗಸರು ನನ್ನ ಮುಂದಿನ ರಾಶಿ ನೋಡಿ, "ಇವಳ ಕೈಲಿ ಅದೇನೈತೋ" ಅನ್ನುತ್ತಿದ್ದರು. ಅವ್ವ ಏನೂ ಕೇಳಿಸದವಳ ಹಾಗೆ ತಲೆ ತಗ್ಗಿಸಿ ನಗುತ್ತಿದ್ದಳು.

ಇಪ್ಪತ್ತನಾಲ್ಕಕ್ಕೆ ಚಿಕ್ಕನಾಯಕನಹಳ್ಳಿಯ ಕಡೆ ಒಂದು ಊರಿಗೆ ಮದುವೆ ಮಾಡಿಕೊಟ್ಟರು. ಅಲ್ಲಿಯೇ ಅದು ಶುರುವಾಯಿತು. ಮಧ್ಯಾಹ್ನ ಎಲ್ಲರೂ ತೋಟಕ್ಕೆ ಹೋದ ಮೇಲೆ ಮನೆಯಲ್ಲಿ ಒಬ್ಬಳೇ ಪಾತ್ರೆ ತೊಳೆಯುತ್ತಿದ್ದಾಗ ಅಟ್ಟದ ಮೇಲೆ ಯಾರೋ ನನ್ನ ಹೆಸರು ಹೇಳಿ ಪಿಸುಗುಟ್ಟಿದಂತಾಯಿತು. ಏಣಿ ಹಾಕಿ ಹತ್ತಿ ನೋಡಿದೆ. ಕಾಯಿ ರಾಶಿ ಬಿಟ್ಟರೆ ಏನೂ ಇರಲಿಲ್ಲ. ಮಾರನೆಯ ದಿನ ಇಬ್ಬರು ಮಾತಾಡಿದರು. ನಾನು ಅಡುಗೆಗೆ ವಿಷ ಹಾಕುತ್ತೇನೆಂದು ಅತ್ತೆಗೆ ಚಾಡಿ ಹೇಳಬೇಕು ಎಂದು ಅವರು ಗುಟ್ಟು ಮಾಡಿಕೊಳ್ಳುತ್ತಿದ್ದರು. ನಾನು ಅಡುಗೆ ಮಾಡುವುದನ್ನೇ ಬಿಟ್ಟೆ. ಆಮೇಲೆ ಊಟ ಬಿಟ್ಟೆ. ಒಂದು ದಿನ ಅತ್ತೆಯ ಕೈಯಿಂದ ಸೌಟು ಕಿತ್ತುಕೊಂಡು ಎಸೆದೆನಂತೆ. ಅದು ನನಗೆ ನೆನಪಿಲ್ಲ. ಗಂಡ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ತವರಿಗೆ ತಂದು, "ಸ್ವಲ್ಪ ದಿವ್ಸ ಇರ್ಲಿ, ಸುಧಾರಿಸ್ಕೊಂಡ ಮೇಲೆ ಬಂದು ಕರ್ಕೊಂಡು ಹೋಗ್ತೀನಿ" ಎಂದು ಹೇಳಿ ಹೋದರು. ಮತ್ತೆ ಬರಲಿಲ್ಲ. ಬರುತ್ತಾರೆಂದು ನಾನು ಬಹಳ ದಿನ ಕಾದೆನೋ ಇಲ್ಲವೋ, ಅದೂ ಈಗ ಸರಿಯಾಗಿ ಹೇಳಲು ಬರುವುದಿಲ್ಲ.

ಅಣ್ಣ ಒಂದೆರಡು ಕಡೆ ಶಾಸ್ತ್ರ ಕೇಳಿಸಿದ, ತಾಯತ ಕಟ್ಟಿಸಿದ. ಆಮೇಲೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಸ್ಕಿಜೋಫ್ರೇನಿಯಾ ಎಂದರು. ಅಣ್ಣ ಆ ಶಬ್ದವನ್ನು ಎರಡು ಸಲ ಹೇಳಿಸಿಕೊಂಡು, ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡು ಜೇಬಿನಲ್ಲಿಟ್ಟುಕೊಂಡ.

ಮಾತ್ರೆ ಕೆಲಸ ಮಾಡಿತು. ನಾಲ್ಕೈದು ತಿಂಗಳಲ್ಲಿ ಧ್ವನಿಗಳು ಒಂದೊಂದೇ ದೂರ ಸರಿದವು. ಎಲ್ಲರೂ ಸಮಾಧಾನಪಟ್ಟರು. ನಾನು ಮಾತ್ರ ಒಂದು ಸಂಗತಿಯನ್ನು ಯಾರಿಗೂ ಹೇಳಲಿಲ್ಲ. ಆ ಧ್ವನಿಗಳಲ್ಲಿ ಒಂದು ಹೆಂಗಸಿನದು. ಅವಳು ಎಂದೂ ಬೈದವಳಲ್ಲ. "ಏಳು, ನೀರು ಕುಡಿ," "ಬಾಗಿಲು ಹಾಕ್ಕೋ," "ಈಗ ಮಲಿಕ್ಕೋ" ಎಂದು ದಿನವಿಡೀ ಹೇಳುತ್ತಿದ್ದಳು. ಉಳಿದವರ ಜೊತೆ ಅವಳೂ ಹೋದಳು. ಆಮೇಲೆ ಮನೆಯಲ್ಲಿ ನನ್ನ ಜೊತೆ ಮಾತಾಡುವವರು ಯಾರೂ ಉಳಿಯಲಿಲ್ಲ. ಊಟಕ್ಕೆ ಬಾ, ಜರುಗು, ಸ್ನಾನ ಮಾಡು, ಇಷ್ಟೇ. ಓಣಿಯ ಹೆಂಗಸರು ಜಗಲಿಗೆ ಬಂದರೆ ಅತ್ತಿಗೆಯನ್ನು ವಿಚಾರಿಸುತ್ತಿದ್ದರು, ನನ್ನನ್ನು ನೋಡಿ, "ಈಗ ಪರ್ವಾಗಿಲ್ವಾ ಇವಳಿಗೆ?" ಎಂದು ಅವಳನ್ನೇ ಕೇಳುತ್ತಿದ್ದರು.

ಏನೂ ಬೇಡವೆನಿಸುವುದು ಹೇಗಿರುತ್ತದೆಂದು ವಿವರಿಸುವುದು ಕಷ್ಟ. ದುಃಖ ಎಂದರೆ ಜನಕ್ಕೆ ಅರ್ಥವಾಗುತ್ತದೆ. ಅದು ದುಃಖವಲ್ಲ. ಟಿ.ವಿ. ಓಡುತ್ತಿರುತ್ತದೆ, ನೋಡುತ್ತಿರುತ್ತೇನೆ, ಯಾರಾದರೂ ಆರಿಸಿದರೆ ಆರಿದ ಟಿ.ವಿ.ಯನ್ನೂ ಹಾಗೆಯೇ ನೋಡುತ್ತಿರುತ್ತೇನೆ. ಮಳೆ ಬಂದರೆ ತಂತಿಯ ಮೇಲಿನ ಬಟ್ಟೆ ನೆನೆಯುವುದು ಕಾಣುತ್ತದೆ, ಎತ್ತಿ ಒಳಗೆ ಹಾಕಬೇಕು ಎಂಬುದೂ ತಿಳಿಯುತ್ತದೆ, ಬಟ್ಟೆ ನೆನೆಯುತ್ತಲೇ ಇರುತ್ತದೆ. ಸೋಮಾರಿ ಎಂದು ಎಲ್ಲರೂ ಹೇಳಿದರು. ಎಷ್ಟು ಸಲ ಹೇಳಿದರೆಂದರೆ ನಾನೂ ನಂಬಿದೆ.

ಅವ್ವ ತೀರಿಕೊಂಡದ್ದು ಇದೇ ಕಾಲದಲ್ಲಿ. ಜ್ವರವೆಂದು ಮಲಗಿದವಳು ಹತ್ತೇ ದಿನದಲ್ಲಿ ಹೋದಳು. ನಡುಮನೆಯಲ್ಲಿ ಮಲಗಿಸಿದ್ದರು. ಊರೆಲ್ಲ ಬಂದು ಅಳುತ್ತಿತ್ತು. ಅಣ್ಣ ಬಂದು ಕೈ ಹಿಡಿದು, "ಬಾರಮ್ಮ, ಅವ್ವನ ಮುಖ ನೋಡ್ಕೋ ಬಾ" ಎಂದು ಕರೆದ. ಎದ್ದು ಹೋಗಿ ನಿಂತೆ. ಕಣ್ಣಲ್ಲಿ ನೀರು ಬರಲಿಲ್ಲ. ಬಾಯಿಗೆ ಅಕ್ಕಿ ಹಾಕು ಎಂದಾಗ ಹಾಕಿದೆ. ಮತ್ತೆ ಬಂದು ಗೋಡೆಗೊರಗಿ ಕುಳಿತೆ. "ಹೆತ್ತವ್ವ ಸತ್ರೂ ಒಂದು ಹನಿ ಇಲ್ವಲ್ಲ ಕಣ್ಣಾಗೆ" ಎಂದು ಯಾರೋ ಅಂದರು. ಅಳಬೇಕು, ಇದು ನನ್ನ ಅವ್ವ, ಇವಳು ಇನ್ನು ಬರುವುದಿಲ್ಲ ಎಂದು ನನಗೆ ನಾನೇ ಮೂರು ನಾಲ್ಕು ಸಲ ಹೇಳಿಕೊಂಡೆ. ಆ ಮಾತು ಎಲ್ಲಿಗೂ ತಲುಪಲಿಲ್ಲ. ಅವತ್ತು ನನ್ನ ಬಗ್ಗೆ ನನಗೇ ಹೆದರಿಕೆಯಾಯಿತು.

ಅವ್ವ ಹೋದ ಮೇಲೆ ಮಾತ್ರೆ ನಿಂತಿತು. ಬೇಕೆಂದು ಬಿಟ್ಟದ್ದಲ್ಲ. ದಿನಾ ಬೆಳಿಗ್ಗೆ, ರಾತ್ರಿ ಅವಳೇ ಮಾತ್ರೆ ಬಿಡಿಸಿ ಅಂಗೈ ಮೇಲಿಡುತ್ತಿದ್ದಳು, ಲೋಟದಲ್ಲಿ ನೀರು ಕೊಡುತ್ತಿದ್ದಳು. ಅಣ್ಣ ಈಗ ಡಬ್ಬವನ್ನು ಕಿಟಕಿಯಲ್ಲಿಟ್ಟು, "ಜ್ಞಾಪಕ ಮಾಡ್ಕೊಂಡು ತಗೋ" ಎಂದು ಹೇಳಿ ತೋಟಕ್ಕೆ ಹೋಗುತ್ತಿದ್ದ. ಜ್ಞಾಪಕ ಇರುತ್ತಿತ್ತು. ಕಿಟಕಿಯ ತನಕ ಹೋಗಿ, ಡಬ್ಬ ತೆಗೆದು, ನೀರು ಬಗ್ಗಿಸಿಕೊಂಡು ನುಂಗುವುದಕ್ಕೆ ಒಂದು ಕಾರಣ ಬೇಕಲ್ಲ, ಅದು ಇರಲಿಲ್ಲ. ನುಂಗಿದರೆ ಏನು? ನಾಳೆಯೂ ಇದೇ ಗೋಡೆ, ಇದೇ ಕಿಟಕಿ.

ಎರಡು ತಿಂಗಳಾಗುವ ಹೊತ್ತಿಗೆ ಒಂದು ಮಧ್ಯಾಹ್ನ ಆ ಹೆಂಗಸು ಮತ್ತೆ ಬಂದಳು. "ಏಳು" ಎಂದಳು. ಎದ್ದೆ! ಎಷ್ಟೋ ವರ್ಷದ ಮೇಲೆ ಒಂದು ಮಾತಿಗೆ ಎದ್ದೆ. ಆವತ್ತು ಸ್ನಾನ ಮಾಡಿದೆ, ತಲೆ ಬಾಚಿಕೊಂಡೆ, ಅಂಗಳ ಗುಡಿಸಿದೆ. ಅತ್ತಿಗೆಗೆ ಸಂತೋಷವಾಗಿ ಕಾಫಿಗೆ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿಕೊಟ್ಟಳು. ಮನೆಯವರು ನನಗೆ ಗುಣವಾಯಿತೆಂದುಕೊಂಡರು. ನಾನೂ ಹಾಗೆಯೇ ಅಂದುಕೊಂಡೆ. ಹತ್ತು ದಿನ ಚೆನ್ನಾಗಿತ್ತು.

ಹನ್ನೊಂದನೆಯ ದಿನ ಅವಳು, "ನಿಮ್ಮವ್ವ ಸಂಪಿಗೆ ಊರಿನ ದೇವಸ್ಥಾನದಾಗೆ ಕಾಯ್ತಾವ್ಳೆ, ಹೋಗು" ಎಂದಳು. ಚಪ್ಪಲಿ ಹಾಕಿಕೊಳ್ಳದೆ ಹೊರಟೆ. ಉರಿಬಿಸಿಲು. ದಾರಿಯಲ್ಲಿ ಬಸ್ಸು ನಿಲ್ಲಿಸಿ ಕಂಡಕ್ಟರು ಕರೆದದ್ದು ನೆನಪಿದೆ, ಹತ್ತಲಿಲ್ಲ. ಎಷ್ಟು ಹೊತ್ತು ನಡೆದೆನೋ ಗೊತ್ತಿಲ್ಲ, ದೇವಸ್ಥಾನ ತಲುಪುವಾಗ ಪಾದದಲ್ಲಿ ಬೊಬ್ಬೆ ಎದ್ದಿದ್ದವು. ಪೂಜೆಗೆ ಬಂದಿದ್ದ ಹೆಂಗಸರ ಮುಖವನ್ನು ಒಬ್ಬೊಬ್ಬರದೇ ನೋಡಿದೆ. ಬೆನ್ನು ಬಾಗಿದ ಒಬ್ಬ ಮುದುಕಿಯ ಸೆರಗು ಹಿಡಿದುಕೊಂಡು "ಅವ್ವಾ" ಎಂದೆ. ಅವಳು ಕಿರುಚಿಕೊಂಡಳು. ಜನ ಸೇರಿದರು, ನನ್ನ ಕೈಬೆರಳು ಒಂದೊಂದಾಗಿ ಬಿಡಿಸಿದರು. ನಮ್ಮೂರಿನ ಪರಿಚಯವಿದ್ದ ಒಬ್ಬರು ಅಣ್ಣನಿಗೆ ಫೋನ್ ಮಾಡಿದರಂತೆ.

ಅಣ್ಣ ಬಂದ. ಬೈಯುತ್ತಾನೆ, ಎಳೆದುಕೊಂಡು ಹೋಗುತ್ತಾನೆ ಎಂದು ನಾನು ಕಂಬ ಹಿಡಿದುಕೊಂಡೆ. ಅವನು ಎಳೆಯಲಿಲ್ಲ. ಪಕ್ಕದಲ್ಲಿ ಕಲ್ಲಿನ ಮೇಲೆ ಕುಳಿತ. ತೋಟದಿಂದ ನೇರ ಬಂದಿದ್ದ, ಪ್ಯಾಂಟಿಗೆಲ್ಲ ಕೆಸರು.

"ಅವ್ವ ಇಲ್ಲೇ ಅವ್ಳೆ ಅಂದ್ರು," ಎಂದೆ.

ಅವನು ಎದ್ದು, ಚಪ್ಪಲಿ ಬಿಟ್ಟು, ದೇವಸ್ಥಾನದ ಸುತ್ತ ಒಂದು ಸುತ್ತು ಹೋಗಿ ಬಂದ.

"ಇಲ್ಲ ಕಣಮ್ಮ. ನಾನೂ ಹುಡುಕ್ದೆ. ಎಲ್ಲೂ ಇಲ್ಲ," ಎಂದ. ಹಾಗೆಂದವನೇ ಅಷ್ಟು ಜನರ ಮುಂದೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಅವ್ವ ಸತ್ತ ದಿನವೂ ಅವನು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಇಬ್ಬರೂ ಮನೆಗೆ ಬಂದೆವು. ಮನೆಯಲ್ಲಿ ಈಳಿಗೆಮಣೆ, ಕುಡುಗೋಲು, ಮಚ್ಚು ಎಲ್ಲ ಮೂಲೆಯಿಂದ ಮಾಯವಾಗಿದ್ದವು. ಅತ್ತಿಗೆ ಅವನ್ನು ಎಲ್ಲಿಟ್ಟಳೆಂದು ನಾನು ಕೇಳಲಿಲ್ಲ.

ಮೂರು ವಾರ ಆಸ್ಪತ್ರೆಯಲ್ಲಿದ್ದು ಬಂದೆ. ಆ ನಂತರ ತಿಂಗಳಿಗೊಂದು ದಿನ ತಾಲ್ಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುತ್ತಾರೆಂದು ತಿಳಿದು ಅಣ್ಣ ಅಲ್ಲಿಗೇ ಕರೆದುಕೊಂಡು ಹೋಗತೊಡಗಿದ. ಅವರೊಬ್ಬ ಲೇಡಿ ಡಾಕ್ಟರು. ನನಗಿಂತ ಚಿಕ್ಕವರೇ ಇರಬೇಕು. ಮೊದಲಿನ ಡಾಕ್ಟರುಗಳು ನನ್ನ ಚೀಟಿ ನೋಡಿ ಅಣ್ಣನನ್ನು ಕೇಳುತ್ತಿದ್ದರು. ಇವರು ನನ್ನ ಮುಖ ನೋಡಿ ಕೇಳಿದರು.

"ಮಾತ್ರೆ ಯಾಕೆ ಬಿಟ್ರಿ?"

"ಬಿಡ್ಬೇಕು ಅಂತ ಬಿಡ್ಲಿಲ್ಲ. ತಗೊಳ್ಳೋಕೆ ಏಳ್ಲಿಲ್ಲ," ಎಂದೆ.

ಅಣ್ಣ ನಡುವೆ ಬಂದ. "ಸ್ವಲ್ಪ ಸೋಮಾರಿತನ ಮೇಡಂ ಇವಳಿಗೆ. ಮೊದ್ಲು ಹಿಂಗಿರ್ಲಿಲ್ಲ, ಬಲೇ ಚುರುಕಾಗಿದ್ಲು."

"ಮೊದ್ಲು ಹೀಗಿರ್ಲಿಲ್ಲ ಅಂತ ನೀವೇ ಹೇಳ್ತಿದ್ದೀರಲ್ಲ," ಎಂದರು ಡಾಕ್ಟರು. "ಅಂದ್ಮೇಲೆ ಇದು ಅವರ ಗುಣ ಹೇಗಾಗುತ್ತೆ? ಇದೂ ಕಾಯಿಲೇನೇ. ಧ್ವನಿ ಕೇಳಿಸೋದು ಎಲ್ಲರಿಗೂ ಗೊತ್ತಾಗುತ್ತೆ, ಓಡ್ಕೊಂಡು ಬರ್ತೀರಿ. ಏನೂ ಬೇಡ ಅನ್ನಿಸೋದನ್ನ ಮಾತ್ರ ಸೋಮಾರಿತನ ಅಂತೀರಿ. ಮಾತ್ರೆಯಿಂದ ಧ್ವನಿ ಕಡಿಮೆ ಆಗುತ್ತೆ. ಇದು ಅಷ್ಟು ಸುಲಭಕ್ಕೆ ಹೋಗಲ್ಲ."

ಅಣ್ಣ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದ. ಅವನು ಬೈದ ದಿನಗಳನ್ನು ಎಣಿಸುತ್ತಿದ್ದನೇನೋ.

"ಹುಷಾರಾದ್ರೆ ಏನು ಮಾಡ್ಬೇಕು ಅಂತಿದೆ ನಿಮಗೆ?" ಎಂದು ಡಾಕ್ಟರು ನನ್ನನ್ನು ಕೇಳಿದರು. ಅಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಇವತ್ತೇ ಹೇಳ್ಬೇಕು ಅಂತೇನಿಲ್ಲ, ಮುಂದಿನ ತಿಂಗಳು ಹೇಳಿ," ಎಂದರು. ಮುಂದಿನ ತಿಂಗಳೂ ಹೇಳಲಿಲ್ಲ. ಅವರು ಮತ್ತೆ ಕೇಳಿದರು, ಬೇಸರವಿಲ್ಲದೆ. ಮೂರನೆಯ ತಿಂಗಳು ಆಸ್ಪತ್ರೆಯ ಬೆಂಚಿನ ಮೇಲೆ ಕಾಯುತ್ತಿದ್ದಾಗ ಕಾಂಪೌಂಡಿನ ಆಚೆ ಕೊಬ್ಬರಿ ಚೀಲ ತುಂಬಿದ ಗಾಡಿಯೊಂದು ನಿಂತಿತ್ತು. ಹೊಸ ಕೊಬ್ಬರಿಯ ವಾಸನೆ ಬಂತು. ಒಳಗೆ ಹೋದ ಕೂಡಲೇ ಹೇಳಿದೆ.

"ಕೊಬ್ಬರಿ ಬಿಡಿಸೋಕೆ ಹೋಗ್ಬೇಕು."

ಅಣ್ಣನ ಮುಖ ಬಿಳುಚಿಕೊಂಡಿತು. ಆ ಕೆಲಸಕ್ಕೆ ಮಚ್ಚು ಹಿಡಿಯಬೇಕೆಂದು ಅವನೇ ಡಾಕ್ಟರಿಗೆ ವಿವರಿಸಿದ. ಡಾಕ್ಟರು, "ಮೊದಲು ಮಾಡ್ತಿದ್ರಾ? ಚೆನ್ನಾಗಿ ಬರ್ತಿತ್ತಾ?" ಎಂದು ಮಾತ್ರ ಕೇಳಿದರು.

"ಬರ್ತಿತ್ತು. ಈಗ ಕೈ ನಡುಗುತ್ತೆ."

"ಎಷ್ಟು ದಿನದಿಂದ ನಡುಗ್ತಿದೆ? ಯಾಕೆ ಹೇಳ್ಲೇ ಇಲ್ಲ?"

"ಕೈಯಿಂದ ಆಗ್ಬೇಕಾದ್ದು ಏನೂ ಇರ್ಲಿಲ್ಲ," ಎಂದೆ.

ಅವರು ಅವತ್ತು ಔಷಧಿ ಬದಲಿಸಿದರು. ದಿನದ ಮಾತ್ರೆಯ ಬದಲು ತಿಂಗಳಿಗೊಂದು ಇಂಜೆಕ್ಷನ್. "ದಿನಾ ಮನಸ್ಸು ಮಾಡೋದು ನಿಮಗೆ ಕಷ್ಟ. ತಿಂಗಳಿಗೆ ಒಂದೇ ದಿನ ಮನಸ್ಸು ಮಾಡಿ, ಬಸ್ಸು ಹತ್ತಿ, ಸಾಕು," ಎಂದರು. ಬಾಗಿಲ ಹತ್ತಿರ ಬಂದಾಗ ಇನ್ನೊಂದು ಮಾತು ಹೇಳಿದರು. "ಮನಸ್ಸು ಬಂದ್ಮೇಲೆ ಕೆಲಸಕ್ಕೆ ಹೋಗ್ತೀನಿ ಅಂತ ಕಾಯ್ಬೇಡಿ. ಹೋಗ್ತಾ ಇರಿ. ಬಂದ್ರೆ ಅಲ್ಲಿಗೇ ಬರುತ್ತೆ." ಬರದಿದ್ದರೆ ಏನು ಮಾಡಬೇಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವ್ವ ಹೋಗುತ್ತಿದ್ದ ಗುಂಪನ್ನು ಆಗ ಅರವತ್ತರ ಹತ್ತಿರದ ಒಬ್ಬ ವಿಧವೆ ನೋಡಿಕೊಳ್ಳುತ್ತಿದ್ದಳು. ನಮ್ಮ ಓಣಿಯ ಕೊನೆಯ ಮನೆ. ಅವ್ವನ ಜೊತೆಗಾತಿ, ಚಿಕ್ಕಂದಿನಿಂದ ನಾನವಳನ್ನು ದೊಡ್ಡವ್ವ ಎಂದು ಕರೆಯುತ್ತಿದ್ದೆ. ಯಾರ ತೋಟದ ಕೊಬ್ಬರಿ ಯಾವತ್ತು ಬಿಡಿಸಬೇಕು, ಎಷ್ಟು ಜನ ಬೇಕು, ಎಲ್ಲ ಅವಳದೇ ತೀರ್ಮಾನ. ಅಣ್ಣ ನನ್ನನ್ನು ಕರೆದುಕೊಂಡು ಹೋಗಿ ವಿಷಯ ಹೇಳಿದ. ಅವಳು ಎಲೆಅಡಿಕೆ ಜಗಿಯುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಸುಳ್ಳು ಯಾಕೆ ಹೇಳ್ಲವ್ವ. ನಿನ್ನ ಕೈಗೆ ಮಚ್ಚು ಕೊಟ್ರೆ ಉಳಿದೋರೆಲ್ಲ ಎದ್ದೋಯ್ತಾರೆ. ಚಿಪ್ಪು ಆಯ್ದು ಚೀಲಕ್ಕೆ ತುಂಬು ಸದ್ಯಕ್ಕೆ. ಆಯ್ತದಾ?"

ಆಗಲಿ ಎಂದೆ. ಮಾರನೆಯ ದಿನ ಬೆಳಿಗ್ಗೆ ಎಚ್ಚರವಾಯಿತು. ಹೋಗಬೇಕೆಂಬುದು ಗೊತ್ತಿತ್ತು. ಚಾಪೆಯ ಮೇಲೆ ಮಲಗಿಕೊಂಡು ತೊಲೆ ನೋಡುತ್ತಿದ್ದೆ. ಬಾಗಿಲ ಹೊರಗೆ ದೊಡ್ಡವ್ವನ ದನಿ ಕೇಳಿಸಿತು.

"ಬತ್ತೀಯಾ?"

ಅತ್ತಿಗೆ, "ಎದ್ದಿಲ್ಲ ಕಣ್ರೀ, ಇವಳ ಹಣೆಬರಹ ಇಷ್ಟೇ" ಎಂದಳು.

"ಆಯ್ತು ಬುಡು. ನಾಳೆ ನೋಡಾನ," ಎಂದು ದೊಡ್ಡವ್ವ ಹೊರಟುಹೋದಳು.

ಮಾರನೆಯ ದಿನವೂ ಬಂದಳು. ಅದರ ಮಾರನೆಯ ದಿನವೂ. ಬೈಯಲಿಲ್ಲ, ಒಳಗೆ ಬಂದು ಕೈ ಹಿಡಿದು ಎಬ್ಬಿಸಲಿಲ್ಲ, ಇಷ್ಟು ಬೆಳೆದ ಹೆಂಗಸಾಗಿ ನಾಚಿಕೆಯಾಗುವುದಿಲ್ಲವೇ ಎಂದು ಕೇಳಲಿಲ್ಲ. ಬತ್ತೀಯಾ ಎಂದು ಒಂದೇ ಸಲ ಕೇಳಿ, ಸ್ವಲ್ಪ ಹೊತ್ತು ನಿಂತು, ಆಯ್ತು ಬುಡು ಎಂದು ಹೋಗುತ್ತಿದ್ದಳು. ಏಳೆಂಟು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ಅವಳು ಹೋದ ಮೇಲೆ ಎದ್ದೆ. ಮುಖ ಕೂಡ ತೊಳೆಯದೆ ಹೊರಗೆ ಬಂದೆ. ಅವಳು ಓಣಿ ದಾಟಿ ತೋಟದ ದಾರಿಗೆ ತಿರುಗಿದ್ದಳು. ಕೂಗಲಿಲ್ಲ. ಅವಳಿಗಿಂತ ಬಹಳ ಹಿಂದೆ, ಅವಳ ಹೆಜ್ಜೆ ನೋಡಿಕೊಂಡು ನಡೆದೆ. ಯಾಕೆ ಅವತ್ತೇ ಏಳಲಾಯಿತು ಎಂದು ಈಗಲೂ ನನಗೆ ತಿಳಿಯದು.

ಕೆಲಸದ ಮನೆಯಲ್ಲಿ ಹತ್ತು ಹನ್ನೆರಡು ಹೆಂಗಸರಿದ್ದರು. ನಾನು ಹೋದಾಗ ಮಾತು ನಿಂತಿತು. ಮಚ್ಚಿನ ಸದ್ದು ಮಾತ್ರ ಉಳಿಯಿತು. ಅವರಲ್ಲಿ ಎಷ್ಟೋ ಜನ ನಾನು ಹುಡುಗಿಯಾಗಿದ್ದಾಗ ಪಕ್ಕದಲ್ಲಿ ಕೂತು ಕೆಲಸ ಮಾಡಿದವರೇ. ನಾನು ಅವರ ಸುತ್ತ ಬಗ್ಗಿ ಚಿಪ್ಪು ಆಯುತ್ತಿದ್ದರೆ ಕಾಲು ಎಳೆದುಕೊಳ್ಳುತ್ತಿದ್ದರು. ಊಟದ ಹೊತ್ತಿಗೆ ಎಲ್ಲರೂ ದುಂಡಗೆ ಕುಳಿತು ಬುತ್ತಿ ಬಿಚ್ಚಿ, ಸಾರು ಉಪ್ಪಿನಕಾಯಿ ಹಂಚಿಕೊಂಡರು. ನಾನು ಹೊರಗೆ ಒಂದು ತೆಂಗಿನ ಮರದ ಬುಡದಲ್ಲಿ ಕುಳಿತೆ. ಬುತ್ತಿ ತಂದಿರಲಿಲ್ಲ. ದೊಡ್ಡವ್ವ ಅರ್ಧ ಮುದ್ದೆಯನ್ನು ಎಲೆಯ ಮೇಲಿಟ್ಟು ತಂದುಕೊಟ್ಟು, ಒಳಗೆ ಹೋದಳು. ಅಲ್ಲಿ ನಗು ಕೇಳುತ್ತಿತ್ತು. ಅದು ನನ್ನ ಬಗ್ಗೆ ಇರಬಹುದು, ಇಲ್ಲದೆಯೂ ಇರಬಹುದು. ಹಿಂದೆ ಆಗಿದ್ದರೆ ನನ್ನ ಬಗ್ಗೆಯೇ ಎಂದು ಖಚಿತವಾಗಿ ತಿಳಿದುಬಿಡುತ್ತಿತ್ತು. ಈಗ ತಿಳಿಯಲಿಲ್ಲ. ಅದನ್ನೇ ಇಂಜೆಕ್ಷನ್ನಿನ ಗುಣ ಎನ್ನಬೇಕು.

ಅರ್ಧ ದಿನಕ್ಕೇ ಸುಸ್ತಾಯಿತು. ತೋಟದ ನಡುವಿನ ದಾರಿಯಲ್ಲಿ ಒಬ್ಬಳೇ ಮನೆಗೆ ಬಂದೆ. ವಾರಕ್ಕೆ ಎರಡು ದಿನ ಹೋದರೆ ಐದು ದಿನ ಹೋಗುತ್ತಿರಲಿಲ್ಲ. ಒಮ್ಮೆ ಇಪ್ಪತ್ತು ದಿನ ಪೂರಾ ಮಲಗಿದ್ದೆ. ಆಗಲೂ ದೊಡ್ಡವ್ವ ಬಾಗಿಲಿಗೆ ಬರುವುದನ್ನು ಬಿಡಲಿಲ್ಲ. ಅತ್ತಿಗೆಯೇ ಒಂದು ದಿನ, "ನೀವ್ಯಾಕೆ ದಿನಾ ಕಾಲು ಸವೆಸ್ತೀರಿ?" ಎಂದು ಕೇಳಿದಳು. "ಹೆಂಗೂ ಈ ದಾರೀಲೇ ಹೋಗೋದಲ್ವೇನವ್ವ" ಎಂದಳು ದೊಡ್ಡವ್ವ. ಅವಳ ಮನೆಯಿಂದ ತೋಟಕ್ಕೆ ನಮ್ಮ ಬಾಗಿಲು ದಾರಿಯಲ್ಲ, ಬಳಸು. ಅತ್ತಿಗೆ ಒಳಗೆ ಬಂದು, ನನಗೊಂದು ಬುತ್ತಿ ಡಬ್ಬಿ ತೊಳೆದಿಟ್ಟಳು.

ಹೀಗೆ ಎರಡು ವರ್ಷವಾಯಿತು. ಒಂದು ದಿನ ಮೂವರು ಹೆಂಗಸರು ಯಾವುದೋ ಮದುವೆಗೆಂದು ಬಂದಿರಲಿಲ್ಲ. ಮಾರನೆಯ ದಿನ ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಹೋಗಬೇಕಿತ್ತು. ರಾಶಿ ಹಾಗೆಯೇ ಬಿದ್ದಿತ್ತು. ತೋಟದ ಯಜಮಾನರು ಎರಡು ಸಲ ಬಂದು ಇಣುಕಿ ಹೋದರು. ದೊಡ್ಡವ್ವ ಒಮ್ಮೆ ರಾಶಿ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

"ಇಂಜೆಕ್ಷನ್ ಮಾಡಿಸ್ಕೊಂಡಿದ್ದೀಯಾ?"

"ಹೋದ ಸೋಮವಾರ."

"ಕೈ ತೋರ್ಸು."

ಎರಡೂ ಕೈ ಮುಂದೆ ಚಾಚಿದೆ. ಅವಳು ಬಗ್ಗಿ ಬೆರಳುಗಳನ್ನು ನೋಡಿದಳು. ಬೆರಳು ಅಲ್ಲಾಡಲಿಲ್ಲ. ತನ್ನ ಮಚ್ಚನ್ನು ಹಿಡಿ ನನ್ನ ಕಡೆ ಮಾಡಿ ಕೊಟ್ಟಳು. ಇಬ್ಬರು ಹೆಂಗಸರು ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು. ಒಬ್ಬಳು, "ಅಕ್ಕಾ, ಏನಾರ ಹೆಚ್ಚುಕಮ್ಮಿ ಆದ್ರೆ?" ಎಂದಳು.

"ಆದ್ರೆ ನನಗೇ ಆಗ್ಲಿ," ಎಂದು ದೊಡ್ಡವ್ವ ನನ್ನ ಎದುರಿಗೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕುಳಿತಳು.

ಮೊದಲ ಕಾಯಿ ಎರಡು ಸೀಳಾಯಿತು. ಎರಡನೆಯದೂ ಗಾಯವಾಯಿತು. ಬೆವರಿ ಮಚ್ಚು ಜಾರತೊಡಗಿತು. ಸೆರಗಿನಲ್ಲಿ ಅಂಗೈ ಒರೆಸಿಕೊಂಡು ಮೂರನೆಯದನ್ನು ತೆಗೆದುಕೊಂಡೆ. ಎಡಗೈ ತಾನಾಗಿ ಕಾಯಿಯನ್ನು ತಿರುಗಿಸಿತು. ನಾಲ್ಕು ಏಟು. ಚಿಪ್ಪು ಬಿಟ್ಟುಕೊಂಡು, ಒಳಗಿನ ಉಂಡೆ ಕಂದುಬಣ್ಣದ ಸಿಪ್ಪೆಯ ಸಮೇತ ಇಡಿಯಾಗಿ ಮಡಿಲಿಗೆ ಉರುಳಿತು. ಖುಷಿಯಾಯಿತೇ ಎಂದು ಆಮೇಲೆ ಡಾಕ್ಟರು ಕೇಳಿದರು. ಖುಷಿಯಂಥದ್ದು ಏನೂ ಆಗಲಿಲ್ಲ. ಇನ್ನೊಂದು ತೆಗೆದುಕೊಳ್ಳೋಣ ಅನ್ನಿಸಿತು, ಅಷ್ಟೇ. ಎಷ್ಟೋ ವರ್ಷಗಳ ಮೇಲೆ ನನಗೆ ಏನೋ ಒಂದು ಮಾಡೋಣ ಅನ್ನಿಸಿದ್ದು ಅದೇ ಮೊದಲು. ಅದನ್ನು ಕೇಳಿ ಡಾಕ್ಟರು ಚೀಟಿಯಲ್ಲಿ ಏನೋ ಬರೆದುಕೊಂಡರು. ಅವತ್ತು ಸಂಜೆಯ ತನಕ ಕುಳಿತೆ. ಬಾಗಿಲಲ್ಲಿ ನಿಂತವರು ಒಂದು ಗಂಟೆಯಾದ ಮೇಲೆ ಬಂದು ತಮ್ಮ ಜಾಗದಲ್ಲಿ ಕುಳಿತರು.

ಮನೆಗೆ ಹೋಗಿ ಗೋಡೆಗೊರಗಿ ಕುಳಿತಾಗ ಅವ್ವ ನೆನಪಾದಳು. ತಲೆ ತಗ್ಗಿಸಿ ನಗುತ್ತಿದ್ದ ಅವಳ ಮುಖ. ಅವಳು ಸತ್ತು ಮೂರು ವರ್ಷ ಆಗುತ್ತಾ ಬಂದಿತ್ತು. ಅವತ್ತು ನಾನು ಅತ್ತುಬಿಟ್ಟೆ. ಅತ್ತಿಗೆ ಗಾಬರಿಯಾಗಿ ಅಣ್ಣನಿಗೆ ಫೋನ್ ಮಾಡಿದಳು, ಮತ್ತೆ ಕಾಯಿಲೆ ಬಂತೆಂದುಕೊಂಡು.

ಇದಾಗಿ ಎಂಟು ವರ್ಷವಾಯಿತು. ಈಗ ನನಗೆ ನಲವತ್ತಮೂರು. ದೊಡ್ಡವ್ವನ ಮೊಣಕಾಲು ಹೋಗಿ, ಮಗಳು ಬಂದು ಹೊನ್ನವಳ್ಳಿಗೆ ಕರೆದುಕೊಂಡು ಹೋದಳು. ಹೋಗುವ ದಿನ ಕಾರಿನಲ್ಲಿ ಕುಳಿತು, "ಇನ್ನು ಬಾಗಿಲಿಗೆ ಯಾರೂ ಬರಲ್ಲ ಕಣವ್ವ, ನೀನೇ ಎದ್ದು ಹೋಗ್ಬೇಕು" ಎಂದಳು. ಅವಳು ಹೋದ ಮೊದಲ ತಿಂಗಳು ನಾನು ಒಂದು ದಿನವೂ ಕೆಲಸಕ್ಕೆ ಹೋಗಲಿಲ್ಲ. ಇಂಜೆಕ್ಷನ್ನಿಗೆ ಮಾತ್ರ ಬಸ್ಸು ಹತ್ತಿದೆ. ಆಮೇಲೆ ಒಂದು ಉಪಾಯ ಮಾಡಿದೆ. ಏಳಬೇಕೆಂದು ಯೋಚಿಸುವುದನ್ನು ಬಿಟ್ಟು, ಕಾಲು ಚಾಪೆಯಿಂದ ಕೆಳಗಿಡುವುದಷ್ಟನ್ನೇ ಯೋಚಿಸಿದೆ. ಕಾಲಿಟ್ಟ ಮೇಲೆ ಬಚ್ಚಲು. ಬಚ್ಚಲಾದ ಮೇಲೆ ಬುತ್ತಿ. ವಾರಕ್ಕೆ ಮೂರು ದಿನ ಆಗುತ್ತದೆ. ನಾಲ್ಕನೆಯ ದಿನ ಆಗುವುದಿಲ್ಲ. ಡಾಕ್ಟರು ಮೂರು ದಿನ ಸಾಕು ಎಂದಿದ್ದಾರೆ.

ಗುಣವಾಯಿತೇ ಎಂದು ಕೇಳಿದರೆ ಹೇಳಲಾರೆ. ಫೋನಿನಲ್ಲಿ ಅಣ್ಣ, ಆಸ್ಪತ್ರೆ, ದೊಡ್ಡವ್ವನ ಮಗಳು, ಮೂರೇ ನಂಬರಿವೆ. ಅದು ರಿಂಗಾದರೆ ಸಿಮ್ ಕಂಪನಿಯವರ ಜಾಹೀರಾತೇ ಇರುತ್ತದೆ. ನಾನು ಅದನ್ನೂ ಪೂರಾ ಕೇಳಿಸಿಕೊಳ್ಳುತ್ತೇನೆ.

ಹೋದ ತಿಂಗಳು ಅಣ್ಣನ ಮಗಳ ನಿಶ್ಚಿತಾರ್ಥ ಮನೆಯಲ್ಲಿಯೇ ಆಯಿತು. ಹಿಂದಿನ ದಿನ ಅತ್ತಿಗೆ ನನ್ನ ಪಕ್ಕ ಬಂದು ಕುಳಿತು, ಬಹಳ ಹೊತ್ತು ಸೆರಗಿನ ಅಂಚು ಮಡಿಸುತ್ತಿದ್ದಳು.

"ತಪ್ಪು ತಿಳ್ಕೋಬೇಡ ಕಣೇ. ಗಂಡಿನ ಕಡೆಯೋರಿಗೆ ಏನೂ ಹೇಳಿಲ್ಲ. ಅವರು ಇರೋಗಂಟ ಒಳಗಿನ ಕೋಣೇಲಿ ಇದ್ದುಬುಡು. ಎರಡು ಗಂಟೆ ಅಷ್ಟೇ."

"ಆಯ್ತು," ಎಂದೆ. ಅವಳನ್ನು ದೂರುವಂತಿಲ್ಲ. ಮಗಳ ಮದುವೆ. ಆ ಹುಡುಗಿ ಮಾತ್ರ ಬೆಳಿಗ್ಗೆ ಸೀರೆ ಉಟ್ಟುಕೊಂಡು ಒಳಗೆ ಬಂದು, "ಅತ್ತೆ, ನೆರಿಗೆ ಸರಿಯಾಗಿದೆಯಾ ನೋಡು" ಎಂದಳು. ಬಗ್ಗಿ ನೆರಿಗೆ ಸರಿಮಾಡಿದೆ. ಆಮೇಲೆ ಬಾಗಿಲು ಮುಂದಕ್ಕೆ ಮಾಡಿಕೊಂಡರು. ಮಂತ್ರ, ನಗು, ಫೋಟೋದವನು ಎಲ್ಲರನ್ನೂ ಹತ್ತಿರ ನಿಲ್ಲಿ ಎನ್ನುವುದು, ಎಲೆ ಹಾಕುವ ಸದ್ದು, ಎಲ್ಲ ಕೇಳುತ್ತಿತ್ತು. ಮಧ್ಯದಲ್ಲಿ ಅಣ್ಣ ತಟ್ಟೆಯಲ್ಲಿ ಊಟ ತಂದಿಟ್ಟ. ನನ್ನ ಮುಖ ನೋಡದೆ, "ಬಿಸಿ ಐತೆ, ಉಣ್ಣು" ಎಂದು ಹೇಳಿ, ಬಾಗಿಲು ಎಳೆದುಕೊಂಡು ಹೋದ. ಉಂಡೆ. ಕಿಟಕಿಯಿಂದ ಅತಿಥಿಗಳ ಕಾರುಗಳು ಕಾಣುತ್ತಿದ್ದವು.

ಮಾರನೆಯ ದಿನ ನನ್ನ ಕೆಲಸದ ದಿನವಾಗಿರಲಿಲ್ಲ. ಆದರೂ ಬೆಳಿಗ್ಗೆ ಕಾಲು ಕೆಳಗಿಟ್ಟೆ, ಹೋದೆ. ಗುಂಪಿಗೆ ಹೊಸದಾಗಿ ಸೇರಿದ ಒಬ್ಬಳು ನನ್ನ ಪಕ್ಕದಲ್ಲಿ ಕುಳಿತಿದ್ದಳು. ಬೇರೆ ಊರಿನಿಂದ ಬಂದ ಸೊಸೆ, ನನ್ನ ಹಳೆಯ ಕಥೆ ಅವಳಿಗೆ ಅಷ್ಟಾಗಿ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಲಕ್ಷ್ಯವಿಲ್ಲ.

"ಅಕ್ಕಾ, ನಿನ್ನೆ ನಿಮ್ಮನೇಲಿ ಶಾಸ್ತ್ರ ಇತ್ತಂತಲ್ಲ. ಊಟ ಏನು ಮಾಡ್ಸಿದ್ರು?"

ಒಂದು ಕ್ಷಣ ಅವಳು ಬೇರೆ ಯಾರನ್ನೋ ಕೇಳುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ಒಂದೊಂದಾಗಿ ಹೇಳಿದೆ. ಕೋಸಂಬರಿ, ಹುರುಳಿಕಾಯಿ ಪಲ್ಯ, ಚಿತ್ರಾನ್ನ, ಒಬ್ಬಟ್ಟು, ಒಬ್ಬಟ್ಟಿನ ಸಾರು.

"ಪಾಯಸ ಯಾವ್ದು? ಗಸಗಸೆಯಾ, ಶ್ಯಾವಿಗೆಯಾ?"

"ಗಸಗಸೆ."

"ಬಡಿಸೋರು ಸರಿಯಾಗಿ ಬಡಿಸಿದ್ರಾ? ನಮ್ಮ ಕಡೆ ಕೊನೇ ಪಂಕ್ತಿಗೆ ಪಾಯಸಾನೇ ಇರಲ್ಲ."

"ಬಡಿಸಿದ್ರು. ಚೆನ್ನಾಗಿತ್ತು," ಎಂದೆ. ಎಲ್ಲಿ ಕುಳಿತು ಉಂಡೆನೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವಳು ತನ್ನ ಮದುವೆಯ ಊಟದಲ್ಲಿ ಸಾರು ಸಾಲದೆ ಜಗಳವಾದ ಕಥೆ ಶುರು ಮಾಡಿದಳು. ಕಥೆ ಉದ್ದವಿತ್ತು. ಕೈಯಲ್ಲಿ ಕಾಯಿ ತಿರುಗಿಸುತ್ತಾ ಕೇಳುತ್ತಿದ್ದೆ.